ಹಳೆಯ ರಾಜ, ಹೊಸ ರಾಜ: ತಕ್ಕಡಿ ಹಿಡಿದವರಿಗೆ ಕೆಲವು ಮಾತು

ಮದುವೆಮನೆಯ ಪಂಕ್ತಿಯಲ್ಲಿ, ವಾರ್ಷಿಕೋತ್ಸವದ ಬಿಡುವಿನಲ್ಲಿ ಕಾಫಿ ಹೀರುವಾಗ, ಬೆಂಗಳೂರಿಗೆ ಹೊರಟ ರಾತ್ರಿ ರೈಲಿನಲ್ಲಿ ಹಾಸಿಗೆ ಬಿಡಿಸುವ ಮೊದಲು, ನಮ್ಮವರ ಬಾಯಲ್ಲಿ ಆಗಾಗ ಕೇಳಿಬರುವ ತೀರ್ಪೊಂದಿದೆ: “ಇಳಯರಾಜ ಎಂದರೆ ಎಂಬತ್ತರ ದಶಕದ ಇಳಯರಾಜ. ಆಮೇಲಿನದು ಕೇಳುವ ಹಾಗಿಲ್ಲ.” ತೀರ್ಪು ಕೊಟ್ಟ ಮಹನೀಯರು ಕೂಡಲೇ ‘ಗೀತಾ’ ಚಿತ್ರದ ಹಾಡೊಂದರ ಎರಡು ಸಾಲು ಗುನುಗುತ್ತಾರೆ. ಸುತ್ತ ಕುಳಿತವರು ತಲೆದೂಗುತ್ತಾರೆ. ಅಲ್ಲಿಗೆ ಮೊಕದ್ದಮೆ ಮುಗಿಯಿತು. ಎದುರು ಪಕ್ಷದ ಸಾಕ್ಷಿಯನ್ನು ಕರೆಸಲಿಲ್ಲ, ಕಾಗದಪತ್ರ ನೋಡಲಿಲ್ಲ, ಆರೋಪಿಯ ಹೇಳಿಕೆ ಪಡೆಯಲಿಲ್ಲ. “ಆಮೇಲಿನದು ಯಾವುದನ್ನು ಕೇಳಿದ್ದೀರಿ ಸ್ವಾಮಿ?” ಎಂದು ಯಾರಾದರೂ ತಪ್ಪಿ ಕೇಳಿಬಿಟ್ಟರೆ, “ಅದನ್ನೆಲ್ಲ ಯಾರು ಕೇಳುತ್ತಾರೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳದೆ ಇರುವುದೇ ಕೆಟ್ಟದ್ದೆಂಬುದಕ್ಕೆ ಪುರಾವೆ!

ಇದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷವೂ ಉಂಟು. ಆ ಹಾರ್ಮೋನಿಯಂನಿಂದ ಹೊರಟದ್ದೆಲ್ಲ ವೇದವಾಕ್ಯ, ನಿಮಗೆ ಹಿಡಿಸದಿದ್ದರೆ ನಿಮ್ಮ ಕಿವಿಗೆ ಸಂಸ್ಕಾರ ಸಾಲದು ಎನ್ನುವವರು ಅವರು. ಎರಡು ಪಕ್ಷದವರೂ ಮನುಷ್ಯನನ್ನು ತೂಗುತ್ತಾರೆಯೇ ಹೊರತು ಹಾಡನ್ನು ಕೇಳುವುದಿಲ್ಲ. ಆದರೆ ಎರಡನೆಯವರಿಂದ ಆಗುವ ಹಾನಿ ಅಷ್ಟಕ್ಕಷ್ಟೆ. ಭಕ್ತರು ಎಲ್ಲ ಕಾಲದಲ್ಲೂ ಇದ್ದಾರೆ, ಅವರ ಪಾಡಿಗೆ ಅವರು ಭಜನೆ ಮಾಡಿಕೊಂಡಿರಲಿ. ನಾನು ಜಗಳ ತೆಗೆಯಬೇಕಾಗಿರುವುದು ಮೊದಲನೆಯವರ ಜೊತೆ. ಏಕೆಂದರೆ ನಮ್ಮಂಥ ಸಂಘಗಳ ಸಾಂಸ್ಕೃತಿಕ ಸಮಿತಿಗಳಲ್ಲಿ ಕುಳಿತು, ಯಾವ ಹಾಡು ವೇದಿಕೆಗೆ ಹತ್ತಬೇಕು, ಯಾವುದು ಹತ್ತಬಾರದು ಎಂದು ನಿಶ್ಚಯಿಸುವವರು ಅವರೇ.

ಮೊದಲು ಲೆಕ್ಕದಿಂದ ಹೊರಡೋಣ. 1976ರ ‘ಅನ್ನಕ್ಕಿಳಿ’ಯಿಂದ ಇಲ್ಲಿಯತನಕ ಈ ಮನುಷ್ಯ ಸಂಗೀತ ಕೊಟ್ಟ ಚಿತ್ರಗಳು ಸಾವಿರ ದಾಟಿವೆ. ಚಿತ್ರಕ್ಕೆ ನಾಲ್ಕೈದು ಹಾಡೆಂದು ಹಿಡಿದರೂ ಸಂಖ್ಯೆ ಸಾವಿರಗಳಲ್ಲಿ ನಿಲ್ಲುತ್ತದೆ. ಎಂಬತ್ತರ ದಶಕದ ಕೆಲವು ವರ್ಷಗಳಲ್ಲಂತೂ ವರ್ಷಕ್ಕೆ ಮೂವತ್ತಕ್ಕೂ ಮಿಕ್ಕಿ ಚಿತ್ರಗಳು. ನಮ್ಮ ಮಿತ್ರರು ಆ ದಶಕದ ಹೆಸರಿನಲ್ಲಿ ಗುನುಗುವ ಹಾಡುಗಳನ್ನು ಪಟ್ಟಿ ಮಾಡಿ ನೋಡಿ. ಎಷ್ಟು ಧಾರಾಳವಾಗಿ ಬರೆದರೂ ಇನ್ನೂರು ದಾಟುವುದು ಕಷ್ಟ. ಉಳಿದವು ಎಲ್ಲಿ ಹೋದವು? ಜರಡಿಯಲ್ಲಿ ಉದುರಿಹೋದವು. ನಲವತ್ತು ವರ್ಷ ಕಾಲವೇ ಜರಡಿ ಆಡಿಸಿ, ಹೊಟ್ಟನ್ನು ತೂರಿ, ಗಟ್ಟಿ ಕಾಳನ್ನು ಮಾತ್ರ ನಮ್ಮ ಅಂಗೈಗೆ ಕೊಟ್ಟಿದೆ. ಆ ಅಂಗೈಯ ಕಾಳನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಗೆ ಇಂದು ಕಣದಿಂದ ಬಂದ ರಾಶಿಯನ್ನು ಹೊಟ್ಟು ಕಲ್ಲು ಸಮೇತ ಸುರಿದು, “ನೋಡಿ, ಹಳೆಯದರ ಹದ ಹೊಸದಕ್ಕಿಲ್ಲ” ಎನ್ನುವುದು ಯಾವ ಸೀಮೆಯ ನ್ಯಾಯ?

ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. 1984ನೆಯ ಇಸವಿಯಲ್ಲಿ ಅವರು ಸಂಗೀತ ಕೊಟ್ಟ, ನೀವು ಹೆಸರೇ ಕೇಳಿರದ ನಾಲ್ಕು ಚಿತ್ರಗಳನ್ನು ಆರಿಸಿಕೊಳ್ಳಿ. ಯೂಟ್ಯೂಬಿನಲ್ಲಿ ಈಗ ಎಲ್ಲವೂ ಸಿಗುತ್ತದೆ, ಖರ್ಚಿಲ್ಲ. ಹಾಡುಗಳನ್ನು ಮೊದಲಿಂದ ಕೊನೆಯವರೆಗೆ ಕೇಳಿ. ಅವುಗಳಲ್ಲಿ ಅಪ್ಪಟ ರತ್ನ ಒಂದೆರಡು ಸಿಕ್ಕಾವು. ಸಿಕ್ಕೇ ಸಿಗುತ್ತವೆ, ಅದು ಅವರ ದೊಡ್ಡತನ. ಜೊತೆಗೆ ನಿರ್ಮಾಪಕರ ಒತ್ತಾಯಕ್ಕೆ ಅರ್ಧ ದಿನದಲ್ಲಿ ಕಟ್ಟಿಕೊಟ್ಟ ಸಾಮಾನ್ಯ ಸರಕೂ ಬೇಕಾದಷ್ಟಿದೆ. ಸ್ವರ್ಣಯುಗದಲ್ಲೂ ಹಿತ್ತಾಳೆಯ ಅಂಗಡಿ ನಡೆಯುತ್ತಿತ್ತು. ಅದರ ನೆನಪು ನಮಗಿಲ್ಲ, ಅಷ್ಟೆ.

ಹಳೆಯ ರಾಗಗಳನ್ನೇ ಮತ್ತೆ ಮತ್ತೆ ಬಳಸುತ್ತಾರೆ, ಬಾವಿ ಬತ್ತಿದೆ ಎಂಬ ದೂರಂತೂ ವಿನೋದದ ವಿಷಯ. ಶಂಕರ್ ನಾಗ್ ನಿರ್ದೇಶಿಸಿ ಅಭಿನಯಿಸಿದ ‘ಗೀತಾ’ ತೆರೆಗೆ ಬಂದದ್ದು 1981ರಲ್ಲಿ. ಅದರ ಅತ್ಯಂತ ಜನಪ್ರಿಯ ಯುಗಳಗೀತೆಯ ಧಾಟಿಯನ್ನು ಇಳಯರಾಜರು 1984ರಲ್ಲೇ ‘ನೂರಾವದು ನಾಳ್’ ಎಂಬ ತಮಿಳು ಚಿತ್ರಕ್ಕೆ ಎತ್ತಿಕೊಟ್ಟರು. ಅಂದರೆ ಮರುಬಳಕೆ ಶುರುವಾದದ್ದು ನಮ್ಮ ಮಿತ್ರರ ಸ್ವರ್ಣಯುಗದ ನಟ್ಟನಡುವೆ. ಆಗ ಯಾರಿಗೂ ಬಾವಿ ಬತ್ತಿದಂತೆ ಕಾಣಲಿಲ್ಲ. ಅದೇ ಧಾಟಿ 2007ರಲ್ಲಿ ‘ಚೀನಿ ಕಮ್’ ಎಂಬ ಹಿಂದಿ ಚಿತ್ರದಲ್ಲಿ ಶ್ರೇಯಾ ಘೋಷಾಲ್ ಕಂಠದಲ್ಲಿ ಮತ್ತೆ ಬಂತು. ಅಮಿತಾಭ್ ಬಚ್ಚನ್, ತಬು ನಟಿಸಿದ್ದ ಆ ಚಿತ್ರ ನೋಡಿದ ಉತ್ತರದವರು ಎಷ್ಟು ತಾಜಾ ಹಾಡು ಎಂದು ಬಾಯಿ ಚಪ್ಪರಿಸಿದರು. ಇಪ್ಪತ್ತಾರು ವರ್ಷದ ಹಾಡದು! ಇಲ್ಲಿ ಹಳೆಯ ರಾಜ ಯಾರು, ಹೊಸ ರಾಜ ಯಾರು? 1983ರ ‘ಪಲ್ಲವಿ ಅನುಪಲ್ಲವಿ’ಯ ವಾದ್ಯಸಂಗೀತದ ಒಂದು ತುಣುಕು ಎರಡು ದಶಕ ಕಳೆದ ಮೇಲೆ ಮೊಬೈಲು ಕಂಪನಿಯೊಂದರ ಜಾಹೀರಾತಿನಲ್ಲಿ ದೇಶಕ್ಕೆಲ್ಲ ಕೇಳಿಸಿತು. ಅದು ಮಣಿರತ್ನಂ ಅವರ ಮೊದಲ ಚಿತ್ರದ್ದು, ಆ ಮೊದಲ ಚಿತ್ರ ಕನ್ನಡದ್ದು ಎಂಬುದು ಅದನ್ನು ಸಿಳ್ಳೆ ಹಾಕುತ್ತ ತಿರುಗಿದ ಎಷ್ಟು ಜನಕ್ಕೆ ಗೊತ್ತಿತ್ತು? ಕಿವಿಗೆ ಇಸವಿ ಗೊತ್ತಾಗುವುದಿಲ್ಲ, ಇಸವಿ ಹೇಳಿದ ಮೇಲೆ ತಲೆ ತೀರ್ಪು ಬರೆಯುತ್ತದೆ. ನನ್ನ ವಾದವೆಲ್ಲ ಇಷ್ಟರ ಸುತ್ತಲೇ.

ಇನ್ನು ಯಂತ್ರದ ಮಾತು. “ಆಗ ನಿಜವಾದ ವಾದ್ಯಗಳಿದ್ದವು, ಈಗ ಎಲ್ಲ ಕಂಪ್ಯೂಟರು” ಎಂಬ ದುಃಖ ಸುಳ್ಳಲ್ಲ. ಆಗಿನ ಮದರಾಸಿನ ಧ್ವನಿಮುದ್ರಣ ಹೇಗೆ ನಡೆಯುತ್ತಿತ್ತೆಂಬುದು ತಿಳಿದರೆ ಆ ದುಃಖ ಇನ್ನೂ ಹೆಚ್ಚಾದೀತು. ಪ್ರಸಾದ್ ಸ್ಟುಡಿಯೋದಲ್ಲಿ ಬೆಳಿಗ್ಗೆ ಬಂದು ಕುಳಿತು, ಪ್ರತಿಯೊಂದು ವಾದ್ಯಕ್ಕೂ ಬೇರೆ ಬೇರೆಯಾಗಿ ಸ್ವರಲಿಪಿಯನ್ನು ತಾವೇ ಕೈಯಾರೆ ಬರೆದು, ಸಹಾಯಕರು ಅದರ ಪ್ರತಿ ತೆಗೆದು ಹಂಚಿ, ಪಿಟೀಲಿನ ಸಾಲು, ಕೊಳಲು, ಗಿಟಾರು, ತಬಲ, ಡ್ರಮ್ಸು, ಹಾಡುಗಾರರು ಎಲ್ಲರೂ ಒಟ್ಟಿಗೆ ನುಡಿಸಿ ಹಾಡಿ, ಸಂಜೆಯೊಳಗೆ ಹಾಡು ಟೇಪಿಗೆ ಇಳಿಯುತ್ತಿತ್ತು. ಒಬ್ಬ ಎಡವಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಪಿಟೀಲಿನ ವಿ. ಎಸ್. ನರಸಿಂಹನ್, ಕೀಬೋರ್ಡಿನ ವಿಜಿ ಮ್ಯಾನ್ಯುಯೆಲ್, ಡ್ರಮ್ಸಿನ ಪುರುಷೋತ್ತಮನ್, ಗಿಟಾರಿನ ಸದಾನಂದಂ, ಕೊಳಲಿನ ನೆಪೋಲಿಯನ್, ಇವರೆಲ್ಲ ಎದುರಿಗಿಟ್ಟ ಕಾಗದ ನೋಡಿ ಆಗಿಂದಾಗ್ಗೆ ನುಡಿಸಬಲ್ಲ ಘಟಾನುಘಟಿಗಳು. ಧನರಾಜ್ ಮಾಸ್ಟರರಲ್ಲಿ ಪಾಶ್ಚಾತ್ಯ ಸಂಗೀತದ ಅಕ್ಷರಾಭ್ಯಾಸ ಮಾಡಿದ್ದ ಪಣ್ಣೈಪುರದ ಹುಡುಗನಿಗೆ ಹೀಗೆ ಬರೆದದ್ದನ್ನು ಬರೆದ ಹಾಗೆ ನುಡಿಸುವ ಪಡೆ ಸಿಕ್ಕಿದ್ದು ಇಬ್ಬರ ಪುಣ್ಯವೂ ಹೌದು, ನಮ್ಮ ಪುಣ್ಯವೂ ಹೌದು. ನಮ್ಮ ಮಿತ್ರರು ಪಲ್ಲವಿ ಚರಣಗಳ ನಡುವಿನ ವಾದ್ಯಭಾಗ ಕೇಳಿ ಕಣ್ಣು ಮುಚ್ಚುತ್ತಾರಲ್ಲ, ಅದು ಈ ಜನ ಒಂದೇ ಕೋಣೆಯಲ್ಲಿ ಉಸಿರಾಡಿದ ಸದ್ದು.

ಆದರೆ ಯಂತ್ರವನ್ನು ಒಳಗೆ ಬಿಟ್ಟವರು ಯಾರು, ಯಾವಾಗ? 1986ರ ‘ಪುನ್ನಗೈ ಮನ್ನನ್’ ಚಿತ್ರದಲ್ಲಿ ಕಂಪ್ಯೂಟರಿನ ನೆರವಿನಿಂದ ವಾದ್ಯ ನುಡಿಸಿದವರು ಇದೇ ಇಳಯರಾಜರು. ಅದೇ 1986ರಲ್ಲಿ ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿ, ನರಸಿಂಹನ್ ಅವರ ಪಿಟೀಲನ್ನು ಮುಂದಿಟ್ಟು ‘ಹೌ ಟು ನೇಮ್ ಇಟ್’ ಎಂಬ ವಾದ್ಯಸಂಗೀತದ ಸಂಪುಟ ತಂದವರೂ ಅವರೇ. ಅವರಿಗೆ ಎರಡೂ ಬೇಕಿತ್ತು. ಯಂತ್ರ ವಾದ್ಯಗಾರನ ಕುರ್ಚಿಯನ್ನು ಕಿತ್ತುಕೊಂಡದ್ದು ಆಮೇಲೆ, ನಿರ್ಮಾಪಕರು ಲೆಕ್ಕ ಹಾಕಲು ಕುಳಿತಾಗ. ನಲವತ್ತು ಜನರ ಸಂಭಾವನೆ, ಊಟ, ಸಾರಿಗೆ ಒಂದು ಕಡೆ. ಕೀಬೋರ್ಡಿನ ಮುಂದೆ ಕುಳಿತ ಒಬ್ಬ ಹುಡುಗ ಇನ್ನೊಂದು ಕಡೆ. 1992ರಲ್ಲಿ ‘ರೋಜಾ’ ಬಂದ ಮೇಲೆ ಎಲ್ಲರಿಗೂ ಆ ಬಗೆಯ ಧ್ವನಿಯೇ ಬೇಕಾಯಿತು. ಅದನ್ನು ಕೊಟ್ಟ ರಹಮಾನರು ಕೂಡ ಒಂದು ಕಾಲಕ್ಕೆ ಇಳಯರಾಜರ ವಾದ್ಯವೃಂದದಲ್ಲಿ ಕೀಬೋರ್ಡು ನುಡಿಸಿದವರೆಂಬುದು ಬೇರೆ ಮಾತು. ಕೋಡಂಬಾಕ್ಕಂ, ವಡಪಳನಿಯ ಸುತ್ತಮುತ್ತ ಬಾಡಿಗೆ ಮನೆ ಹಿಡಿದು ಬದುಕಿದ್ದ ಎಷ್ಟೋ ಪಿಟೀಲಿನವರು ಪಾಠ ಹೇಳಲು ಹೊರಟದ್ದು, ಮಕ್ಕಳನ್ನು ಬೇರೆ ಕಸುಬಿಗೆ ಹಚ್ಚಿದ್ದು ಆ ಕಾಲದಲ್ಲಿ. ಈ ನಷ್ಟಕ್ಕೆ ಸಂಗೀತಗಾರನೊಬ್ಬನನ್ನು ಕಟಕಟೆಗೆ ಹತ್ತಿಸುವುದು, ಮಗ್ಗ ನಿಂತದ್ದಕ್ಕೆ ನೇಕಾರನನ್ನು ಬೈದ ಹಾಗೆ.

ಅದೂ ಯಾರನ್ನು? 2005ರಲ್ಲಿ ‘ತಿರುವಾಚಕ’ವನ್ನು ಬುಡಾಪೆಸ್ಟಿನ ವಾದ್ಯವೃಂದದೊಡನೆ ಮಾಡಿದವರನ್ನು. 2012ರಲ್ಲಿ ‘ನೀದಾನೇ ಎನ್ ಪೊನ್ ವಸಂತಂ’ ಚಿತ್ರದ ಎಂಟು ಹಾಡುಗಳಿಗೆ ಹೊರದೇಶದ ವಾದ್ಯಗಾರರನ್ನು ಕೂಡಿಸಿ ನುಡಿಸಿದವರನ್ನು. ನಾಲ್ಕು ದಶಕ ದುಡಿದ ಪ್ರಸಾದ್ ಸ್ಟುಡಿಯೋದಿಂದ ಹೊರಬಂದು 2021ರಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಕೋಡಂಬಾಕ್ಕಂನಲ್ಲಿ ಸ್ವಂತ ಸ್ಟುಡಿಯೋ ತೆರೆದವರನ್ನು. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ತಮ್ಮ ಸಿಂಫನಿಯನ್ನು ನುಡಿಸುವಾಗ ಎಂಬತ್ತೊಂದರ ಹರೆಯದಲ್ಲಿ ಎದುರಿಗೆ ನಿಂತಿದ್ದವರನ್ನು. ಬಿಲ್ಲು ಹಿಡಿದ ಜೀವಂತ ಮನುಷ್ಯರು ಬೇಕೆಂದು ಕೊನೆಯತನಕ ಹಟ ಹಿಡಿದವರಲ್ಲಿ ಮೊದಲಿಗರು ಅವರು. “ಸಿಂಫನಿಯನ್ನು ಯಾರು ಕೇಳುತ್ತಾರೆ, ಹಳೆಯ ಹಾಗೆ ಒಂದು ಹಾಡು ಮಾಡಲಿ” ಎಂದು ಮೂಗು ಮುರಿದವರೇ, “ಈಗ ನಿಜವಾದ ವಾದ್ಯಗಳೆಲ್ಲಿ?” ಎಂದೂ ಕೇಳುತ್ತಾರೆ.

ನಷ್ಟವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಆದದ್ದು ಯಾರ ನಷ್ಟ ಎಂದು ಕೇಳುತ್ತಿದ್ದೇನೆ. ಮತ್ತೆ ‘ಗೀತಾ’ ಚಿತ್ರವನ್ನೇ ತೆಗೆದುಕೊಳ್ಳಿ. ಹಾಡುಗಳನ್ನು ಬರೆದವರು ಚಿ. ಉದಯಶಂಕರ್, ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ, ತೆರೆಯ ಮೇಲೆ ಓಡಾಡಿದವರು ಶಂಕರ್ ನಾಗ್. ಶಂಕರ್ ನಾಗ್ 1990ರಲ್ಲಿ ಹೋದರು, ಉದಯಶಂಕರ್ 1993ರಲ್ಲಿ, ಬಾಲು 2020ರಲ್ಲಿ. ಇಳಯರಾಜರು ಉಳಿದಿದ್ದಾರೆ. ನಾಲ್ಕಾರು ಜನ ಕೂಡಿ ಮಾಡಿದ ಅಡುಗೆಯ ರುಚಿ ಈಗಿಲ್ಲವೆಂದು, ಬದುಕಿ ಉಳಿದವನೊಬ್ಬನ ಮೇಲೆ ಸೌಟು ಎತ್ತುವುದು ನಮ್ಮ ರಸಿಕತೆ! ಆ ಕಾಲದ ಚಿತ್ರಗಳಲ್ಲಿ ಹಾಡಿಗೆ ಜಾಗವಿತ್ತು. ಕಥೆ ಐದು ನಿಮಿಷ ಪಕ್ಕಕ್ಕೆ ಸರಿದು ಹಾಡಿಗೆ ಹಾದಿ ಬಿಡುತ್ತಿತ್ತು. ನಾಯಕ ನಾಯಕಿ ತುಟಿಯಾಡಿಸುತ್ತಿದ್ದರು. ಈಗಿನ ನಿರ್ದೇಶಕರಲ್ಲಿ ಅನೇಕರಿಗೆ ತುಟಿಯಾಡಿಸುವುದೆಂದರೆ ನಾಚಿಕೆ. ಹಾಡು ಹಿಂದೆ ಎಲ್ಲೋ ಹರಿಯುತ್ತಿರುತ್ತದೆ, ಮುಂದೆ ಮೋಟಾರ್ ಸೈಕಲ್ ಓಡುತ್ತಿರುತ್ತದೆ, ನಡುವೆ ಮಾತು ಬಂದು ಚರಣ ಅರ್ಧಕ್ಕೆ ತುಂಡಾಗುತ್ತದೆ. ಚರಣವೇ ಬೇಡವಾದಲ್ಲಿ ಎರಡನೆಯ ಚರಣಕ್ಕೆ ಬೇರೆ ಧಾಟಿ ಹೊಸೆಯುವ ಕಲಾವಿದ ಏನು ಮಾಡಬೇಕು?

ಏನು ಮಾಡಿದರು ಎಂಬುದಕ್ಕೆ ಉತ್ತರವಿದೆ, ಕೇಳುವ ಮನಸ್ಸಿದ್ದರೆ. ಅವರಿಗೆ ಬಂದ ಐದು ರಾಷ್ಟ್ರಪ್ರಶಸ್ತಿಗಳನ್ನು ಸಾಲಾಗಿ ನೋಡಿ. ‘ಸಾಗರ ಸಂಗಮಂ’ (1983), ‘ಸಿಂಧು ಭೈರವಿ’ (1985), ‘ರುದ್ರವೀಣ’ (1988), ಈ ಮೂರೂ ಹಾಡಿನಿಂದಲೇ ಜನರ ಮನಸ್ಸಿನಲ್ಲಿ ನಿಂತ ಚಿತ್ರಗಳು. ಆಮೇಲೆ ಎರಡು ದಶಕದ ಅಂತರ. ಮುಂದಿನ ಎರಡು ಪ್ರಶಸ್ತಿಗಳು, ‘ಪಳಸ್ಸಿ ರಾಜ’ಕ್ಕೆ 2009ರ ಸಾಲಿನಲ್ಲಿ ಬಂದದ್ದು, ‘ತಾರೈ ತಪ್ಪಟ್ಟೈ’ಗೆ 2015ರ ಸಾಲಿನಲ್ಲಿ ಬಂದದ್ದು, ಎರಡೂ ಹಿನ್ನೆಲೆ ಸಂಗೀತಕ್ಕೆ. ಹಾಡಿಗೆ ಜಾಗ ಕಿರಿದಾದಾಗ ನದಿ ಪಾತ್ರ ಬದಲಿಸಿತು. ನಮ್ಮ ಮಿತ್ರರು ಇನ್ನೂ ಹಳೆಯ ಸೋಪಾನದ ಮೇಲೆ ಕೊಡ ಹಿಡಿದು ನಿಂತು, ನೀರಿಲ್ಲ ನೀರಿಲ್ಲ ಎಂದು ಕೂಗುತ್ತಿದ್ದಾರೆ. 2013ರಲ್ಲಿ ಮಿಷ್ಕಿನ್ ನಿರ್ದೇಶಿಸಿದ ‘ಓನಾಯುಂ ಆಟ್ಟುಕ್ಕುಟ್ಟಿಯುಂ’ ಎಂಬ ಚಿತ್ರ ಬಂತು. ತೋಳ ಮತ್ತು ಕುರಿಮರಿ ಎಂದು ಹೆಸರಿನ ಅರ್ಥ. ಅದರಲ್ಲಿ ಒಂದೂ ಹಾಡಿಲ್ಲ. ಚೆನ್ನೈಯ ರಾತ್ರಿಯ ಬೀದಿಗಳಲ್ಲಿ ಗುಂಡೇಟು ತಿಂದ ಮನುಷ್ಯನೊಬ್ಬ, ಅವನನ್ನು ಉಳಿಸಿದ ವೈದ್ಯಕೀಯ ವಿದ್ಯಾರ್ಥಿ. ಮಾತು ಕಡಮೆ, ಕತ್ತಲೆ ಹೆಚ್ಚು. ಅಲ್ಲಿ ತಂತಿವಾದ್ಯಗಳು ಹಾಡಿಲ್ಲದ ಕೊರತೆಯನ್ನು ತುಂಬುವುದಿಲ್ಲ, ಹಾಡು ಬೇಕಿತ್ತೆಂಬ ಯೋಚನೆಯನ್ನೇ ಅಳಿಸಿಬಿಡುತ್ತವೆ. ‘ಸ್ವರ್ಣಯುಗ’ದ ಯಾವ ಚಿತ್ರದ ಹಿನ್ನೆಲೆ ಸಂಗೀತದ ಪಕ್ಕದಲ್ಲಿ ಬೇಕಾದರೂ ಇದನ್ನು ಇಟ್ಟು ನೋಡಿ. ನನ್ನ ಮಟ್ಟಿಗೆ ಇದೇ ಒಂದು ತೂಕ ಹೆಚ್ಚು. ಇದನ್ನು ಕೇಳಿ ತಿರಸ್ಕರಿಸಿದವರೊಡನೆ ನಾನು ಸಂತೋಷವಾಗಿ ಜಗಳವಾಡುತ್ತೇನೆ. ಕೇಳದೆ ತಿರಸ್ಕರಿಸಿದವರೊಡನೆ ಆಡುವ ಮಾತೇನಿದೆ?

ಕನ್ನಡಿಗರಾಗಿ ನಾವು ನಾಚಬೇಕಾದ ಒಂದು ಉದಾಹರಣೆ ಹೇಳುತ್ತೇನೆ. 2023ರಲ್ಲಿ ವೆಟ್ರಿಮಾರನ್ ಅವರ ‘ವಿಡುದಲೈ’ ಚಿತ್ರಕ್ಕೆ ಇಳಯರಾಜರು ಮಾಡಿದ ಯುಗಳಗೀತೆಯೊಂದು ತಮಿಳುನಾಡಿನ ಮೂಲೆಮೂಲೆಯಲ್ಲಿ ಮೊಳಗಿತು. ಕಾಡಿನ ದಾರಿಯಲ್ಲಿ ಜೊತೆ ನಡೆಯುವ ಇಬ್ಬರ ಹಾಡು, ತೀರ ಸರಳ ಧಾಟಿ. ಧನುಷ್ ಜೊತೆ ಅದನ್ನು ಹಾಡಿದ ಹೆಣ್ಣುದನಿ ನಮ್ಮ ಮೈಸೂರಿನ ಅನನ್ಯಾ ಭಟ್ ಅವರದು. ಚೆನ್ನೈಯ ಚಹಾ ಅಂಗಡಿಯವನಿಗೆ ಆ ಹಾಡು ಗೊತ್ತು, ಆಟೋ ಓಡಿಸುವವನಿಗೆ ಗೊತ್ತು. ಆ ಮುದುಕ ಖಾಲಿಯಾಗಿದ್ದಾನೆ ಎನ್ನುವ ನಮ್ಮ ಕನ್ನಡದ ರಸಿಕರಿಗೆ ತಮ್ಮ ಊರಿನ ಹುಡುಗಿ ಅಲ್ಲಿ ಹಾಡಿದ್ದು ಗೊತ್ತಿಲ್ಲ. ಮುಚ್ಚಿಕೊಂಡ ಕಿವಿಗೆ ತಮ್ಮವರ ದನಿಯೂ ಬೀಳುವುದಿಲ್ಲ.

ಈ ರೋಗ ನಮ್ಮ ಕಾಲದ್ದೇನೂ ಅಲ್ಲವೆನ್ನಿ. ‘ಅನ್ನಕ್ಕಿಳಿ’ ಬಂದಾಗ ಎಂ. ಎಸ್. ವಿಶ್ವನಾಥನ್ ಅವರ ಆರಾಧಕರು ಹಳ್ಳಿಯ ತಮಟೆ ತಂದು ಸಿನಿಮಾದಲ್ಲಿ ಬಾರಿಸುತ್ತಿದ್ದಾನೆ ಎಂದು ಗೊಣಗಿದ್ದನ್ನು ಕೇಳಿದವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಅಭಿಮಾನಿಗಳು ಹೀಗೆ ಎರಡು ಬಣವಾಗಿದ್ದಾಗ ಆ ಇಬ್ಬರು ಮಾಡಿದ್ದೇನು? 1986ರಲ್ಲಿ ‘ಮೆಲ್ಲ ತಿರಂದದು ಕದವು’ ಚಿತ್ರಕ್ಕೆ ಒಟ್ಟಿಗೆ ಕುಳಿತರು. ಧಾಟಿ ವಿಶ್ವನಾಥನ್ ಅವರದು, ವಾದ್ಯಸಂಯೋಜನೆ ಇಳಯರಾಜರದು. ಕನ್ನಡದಲ್ಲಿ 1987ರ ‘ಪ್ರೇಮಲೋಕ’ ಬಂದಾಗ ರಾಜನ್–ನಾಗೇಂದ್ರರ ಅಭಿಮಾನಿಗಳು ಹಂಸಲೇಖರನ್ನು ಕುರಿತು ಆಡಿದ ಮಾತುಗಳೂ ಇದೇ ಅಚ್ಚಿನವು. ಈಗ ಆ ‘ಪ್ರೇಮಲೋಕ’ವೇ ಹಳೆಯ ಚಿನ್ನದ ಪೆಟ್ಟಿಗೆಯಲ್ಲಿ ಕುಳಿತಿದೆ. ಹದಿನೆಂಟನೆಯ ವಯಸ್ಸಿನಲ್ಲಿ ಬಸ್ ನಿಲ್ದಾಣದ ಹೋಟೆಲಿನ ಕ್ಯಾಸೆಟ್ಟಿನಿಂದ ಕೇಳಿದ ಹಾಡಿಗೆ, ಐವತ್ತೆಂಟನೆಯ ವಯಸ್ಸಿನಲ್ಲಿ ರಕ್ತದೊತ್ತಡದ ಮಾತ್ರೆ ನುಂಗಿ ಕೇಳಿದ ಯಾವ ಹಾಡೂ ಸಾಟಿಯಾಗದು. ಅದು ಹಾಡಿನ ದೋಷವೇ?

ಹಾಗಾದರೆ ಹೊಸದರಲ್ಲಿ ದೋಷವೇ ಇಲ್ಲವೆ? ಬೇಕಾದಷ್ಟಿದೆ. ತೊಂಬತ್ತರ ದಶಕದ ಕೊನೆಯಿಂದ ಹಲವು ಹಾಡುಗಳಲ್ಲಿ ಕೇಳುವ ಯಂತ್ರದ ತಾಳ ತಗಡಿನ ಡಬ್ಬಿಯಂತಿದೆ. ಕಂಠಗಳ ಆಯ್ಕೆಯಲ್ಲಿ ಮೊದಲಿನ ಕಟ್ಟುನಿಟ್ಟು ಸಡಿಲಿದೆ. ‘ನೀದಾನೇ ಎನ್ ಪೊನ್ ವಸಂತಂ’ನಲ್ಲಿ ಅಂಥ ಸಿರಿವಂತ ವಾದ್ಯಮೇಳದ ಮೇಲೆ ಕೆಲವೆಡೆ ಬಡಕಲು ದನಿ ಕುಳಿತಿದೆ. ತಾವೇ ಹಾಡಬೇಕೆಂಬ ಚಪಲವನ್ನು ಅವರು ಇನ್ನಷ್ಟು ಹಿಡಿತದಲ್ಲಿಡಬಹುದಿತ್ತು. ವೇದಿಕೆಯ ಮೇಲೆ ಅವರಾಡುವ ಕೆಲವು ಮಾತುಗಳನ್ನಂತೂ ಆಡದಿದ್ದರೆ ಅಭಿಮಾನಿಗಳಿಗೆ ನೆಮ್ಮದಿಯಾಗಿರುತ್ತಿತ್ತು. ಇವೆಲ್ಲ ವಿಮರ್ಶೆಯ ಮಾತು. ಹಾಡು ಕೇಳಿ, ಇಂಥ ಕಡೆ ಇಂಥದು ಸರಿಯಿಲ್ಲ ಎನ್ನುವ ಮಾತು. ‘ಆಗಿನದು ಮೇಲು, ಈಗಿನದು ಕೀಳು’ ಎನ್ನುವುದು ವಿಮರ್ಶೆಯಲ್ಲ, ಪಂಚಾಂಗ.

ಈಗ ನಮ್ಮ ಮನೆಯೊಳಗಿನ ಸಂಗತಿಗೆ ಬರುತ್ತೇನೆ. ಹೊರನಾಡಿನ ಕನ್ನಡ ಸಂಘಗಳಲ್ಲಿ ವರ್ಷಕ್ಕೆ ಎರಡು ಮೂರು ರಸಮಂಜರಿಗಳಾಗುತ್ತವೆ. ರಾಜ್ಯೋತ್ಸವಕ್ಕೊಂದು, ಯುಗಾದಿಗೊಂದು, ವಾರ್ಷಿಕೋತ್ಸವಕ್ಕೊಂದು. ಇಳಯರಾಜರ ಕನ್ನಡದ ಹಾಡುಗಳಿಗೆಂದು ಮೀಸಲಾದ ಅರ್ಧ ಗಂಟೆಯಲ್ಲಿ ಪಟ್ಟಿ ಯಾವಾಗಲೂ ಒಂದೇ: ‘ಜನ್ಮ ಜನ್ಮದ ಅನುಬಂಧ’, ‘ಗೀತಾ’, ‘ನೀ ನನ್ನ ಗೆಲ್ಲಲಾರೆ’, ‘ಪಲ್ಲವಿ ಅನುಪಲ್ಲವಿ’. ಅಪರೂಪಕ್ಕೆ ‘ನಮ್ಮೂರ ಮಂದಾರ ಹೂವೇ’. ಅಲ್ಲಿಗೆ ಗೋಡೆ. 2007ರ ‘ಆ ದಿನಗಳು’ ಚಿತ್ರದ ಹಾಡೊಂದನ್ನು ತಿಂಗಳು ಅಭ್ಯಾಸ ಮಾಡಿ ಬಂದ ಹುಡುಗಿಗೆ, “ಜನಕ್ಕೆ ಗೊತ್ತಿರುವುದನ್ನು ಹಾಡಮ್ಮ” ಎಂದು ಹೇಳಿ ಅದೇ ಹಳೆಯ ಯುಗಳಗೀತೆಯನ್ನು ಕೈಗೆ ಕೊಟ್ಟದ್ದನ್ನು ನಾನು ಬಲ್ಲೆ. ಜನಕ್ಕೆ ಗೊತ್ತಾಗುವುದು ಹೇಗೆ, ವೇದಿಕೆ ಹತ್ತಿಸದಿದ್ದರೆ? ಆ ಹುಡುಗಿ ಈಗ ಸಂಘದ ಕಡೆ ಬರುವುದು ಕಡಮೆ. ಅವಳ ವಯಸ್ಸಿನ ಉಳಿದವರು ಮೊದಲೇ ಬರುತ್ತಿರಲಿಲ್ಲ. ಆಮೇಲೆ ಮಹಾಸಭೆಯಲ್ಲಿ, ಯುವಕರು ಸಂಘಕ್ಕೆ ಬರುತ್ತಿಲ್ಲವೆಂದು ಹನಿಗಣ್ಣಾಗುತ್ತೇವೆ.

“ಅವರು ನಮ್ಮ ಜಿ. ಕೆ. ವೆಂಕಟೇಶರ ಗರಡಿಯಲ್ಲಿ ಪಳಗಿದವರು” ಎಂದು ಎದೆಯುಬ್ಬಿಸುವುದಂತೂ ಪ್ರತಿ ರಸಮಂಜರಿಯ ನಿರೂಪಣೆಯಲ್ಲೂ ಇರುತ್ತದೆ. ಮಾತು ನಿಜ. ಮದರಾಸಿನಲ್ಲಿ ಕನ್ನಡ ಚಿತ್ರಗಳ ಹಾಡುಗಳು ತಯಾರಾಗುತ್ತಿದ್ದ ಕಾಲದಲ್ಲಿ ವೆಂಕಟೇಶರ ಕೈಕೆಳಗೆ ಹಲವಾರು ಚಿತ್ರಗಳಿಗೆ ದುಡಿದೇ ಇಳಯರಾಜರು ಕಸುಬು ಕಲಿತರು. ಆದರೆ ‘ಸಂಧ್ಯಾರಾಗ’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಸನಾದಿ ಅಪ್ಪಣ್ಣ’ ಕೊಟ್ಟ ವೆಂಕಟೇಶರಿಗೆಂದೇ ಒಂದು ಸಂಜೆಯನ್ನು ನಮ್ಮಲ್ಲಿ ಎಷ್ಟು ಸಂಘಗಳು ಮೀಸಲಿಟ್ಟಿವೆ? ಹಳೆಯದರ ಮೇಲಿನ ಪ್ರೀತಿಯೂ ಇಷ್ಟೇ, ಗೊತ್ತಿದ್ದ ಹತ್ತು ಹಾಡಿನ ಮೇಲಿನ ಪ್ರೀತಿ. ಶಿಷ್ಯನ ಹೊಸದೂ ಬೇಡ, ಗುರುವಿನ ಹಳೆಯದೂ ಬೇಡ.

ಎಲ್ಲಕ್ಕಿಂತ ನನಗೆ ಉರಿಯುವ ವಿಷಯ ಇನ್ನೊಂದಿದೆ. ನಿಜವಾದ ವಾದ್ಯಗಳ ಕಾಲ ಹೋಯಿತೆಂದು ಕಣ್ಣೊರೆಸಿಕೊಳ್ಳುವ ಇದೇ ಸಮಿತಿಗಳು ತಮ್ಮ ರಸಮಂಜರಿಗಳನ್ನು ನಡೆಸುವುದು ಹೇಗೆ? ಕರೋಕೆಯಲ್ಲಿ. ಮೊದಲು ಹನ್ನೆರಡು ಜನರ ಆರ್ಕೆಸ್ಟ್ರಾ ಕರೆಸುತ್ತಿದ್ದೆವು. ಆಮೇಲೆ ಆರು ಜನ. ಆಮೇಲೆ ಕೀಬೋರ್ಡು, ತಬಲ, ರಿದಮ್ ಪ್ಯಾಡು. ಈಗ ಲ್ಯಾಪ್‌ಟಾಪಿಗೆ ಒಂದು ತಂತಿ ಚುಚ್ಚಿ, ಯಾರೋ ಎಲ್ಲೋ ತಯಾರಿಸಿದ ಟ್ರ್ಯಾಕು ಹಾಕಿ, ಅದರ ಮೇಲೆ ಹಾಡಿಸುತ್ತೇವೆ. ನರಸಿಂಹನ್ ತಂಡದ ಪಿಟೀಲಿನ ಜಾಗದಲ್ಲಿ ಆ ಟ್ರ್ಯಾಕಿನಲ್ಲಿ ಏನೋ ಒಂದು ಕುಂಯ್‌ಗುಡುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ರಸಿಕರು ಅದಕ್ಕೂ ಕಣ್ಣು ಮುಚ್ಚಿ, ಆಹಾ, ಆಗಿನ ಕಾಲ ಎನ್ನುತ್ತಾರೆ. ಖಜಾಂಚಿಗಳನ್ನು ಕೇಳಿದರೆ ಹಣವಿಲ್ಲ ಎನ್ನುತ್ತಾರೆ. ಅದೇ ಸಂಜೆ ವೇದಿಕೆಯ ಮೇಲೆ ಹದಿನಾಲ್ಕು ಜನ ಗಣ್ಯರಿಗೆ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಆಗಿರುತ್ತದೆ. ನಲವತ್ತು ಜನರ ಸಂಭಾವನೆ ಉಳಿಸಿದ ನಿರ್ಮಾಪಕನಿಗೂ ನಾಲ್ಕು ಜನರ ಸಂಭಾವನೆ ಉಳಿಸಿದ ನಮಗೂ ಲೆಕ್ಕದಲ್ಲಷ್ಟೇ ವ್ಯತ್ಯಾಸ. ಆ ಪಡೆಯನ್ನು ಮನೆಗೆ ಕಳಿಸಿದವರಲ್ಲಿ ನಾವೂ ಇದ್ದೇವೆ. ಬೈಗುಳ ಮಾತ್ರ ಎಂಬತ್ತು ದಾಟಿದ ಮೇಲೂ ಸ್ವರಲಿಪಿ ಬರೆಯುತ್ತ ಕುಳಿತವರಿಗೆ.

ಬರುವ ರಾಜ್ಯೋತ್ಸವಕ್ಕೆ ಸಮಿತಿಯ ಮುಂದೆ ನಾನು ಇಡುವ ಸಲಹೆ ಇದು. ಶಾಲುಗಳನ್ನು ಹದಿನಾಲ್ಕರಿಂದ ನಾಲ್ಕಕ್ಕೆ ಇಳಿಸಿ. ಉಳಿದ ದುಡ್ಡಿನಲ್ಲಿ ನಾಲ್ಕು ಪಿಟೀಲು, ಒಂದು ಕೊಳಲು, ಒಂದು ಗಿಟಾರು, ಒಂದು ತಬಲ ಕರೆಸಿ. ವೆಂಕಟೇಶರದು ಎರಡು ಹಾಡು, ‘ಗೀತಾ’ದ್ದು ಒಂದು, ‘ಆ ದಿನಗಳು’ ಚಿತ್ರದ್ದು ಒಂದು, ‘ವಿಡುದಲೈ’ನ ಆ ಯುಗಳಗೀತೆ. ತಮಿಳು ಹಾಡೆಂದು ಯಾರೂ ಗಾಬರಿಯಾಗಬೇಕಿಲ್ಲ, ಅನನ್ಯಾ ಭಟ್ ಹಾಡಿದ್ದೆಂದು ನಿರೂಪಕರು ಒಂದು ಮಾತು ಹೇಳಿದರಾಯಿತು. ನಿರೂಪಣೆಯಲ್ಲಿ ಯಾವ ಹಾಡಿಗೂ ಇಸವಿ ಹೇಳಬೇಡಿ, ಚಿತ್ರದ ಹೆಸರನ್ನೂ ಹಾಡು ಮುಗಿದ ಮೇಲೆ ಹೇಳಿ. ಯಾವುದಕ್ಕೆ ಚಪ್ಪಾಳೆ ಎಷ್ಟು ಬಿತ್ತೆಂದು ಕಾರ್ಯದರ್ಶಿಗಳು ಬೇಕಾದರೆ ಬರೆದಿಟ್ಟುಕೊಳ್ಳಲಿ.

ಪಿಟೀಲಿನವರು ಎಲ್ಲಿ ಸಿಗುತ್ತಾರೆ ಎಂಬ ನೆಪ ಮಾತ್ರ ಬೇಡ. ಕೋಡಂಬಾಕ್ಕಂನಲ್ಲಿ ಇನ್ನೂ ಇದ್ದಾರೆ. ವಾರದ ಮುಂಚೆ ತಿಳಿಸಿ ಸ್ವರಲಿಪಿ ಕೈಗೆ ಕೊಟ್ಟರೆ ಸಾಕು, ಒಂದು ರಿಹರ್ಸಲಿನಲ್ಲಿ ಕೂರಿಸುತ್ತಾರೆ. ಅವರ ಕಾಫಿ ತಿಂಡಿಯ ಖರ್ಚು ನನ್ನದಿರಲಿ.